ಮನೆವಾರ್ತೆ: ಟಾರ್ಚು ನಿಲ್ಲಲಿ, ಕೈ ಬಿಡುವಾಗಲಿ

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲ್ಲಿಮೀಟರು ಮಳೆಯಾಯಿತು. ಇತ್ತ ಕಲ್ಯಾಣದ ಬಳಿ ಉಲ್ಲಾಸ ನದಿ ಉಕ್ಕಿತು. ಅನೇಕ ಮನೆಗಳ ದೀಪ ಆರಿತು. ಅಂಥ ರಾತ್ರಿ ಟಾರ್ಚು ಹಿಡಿಯಲು ಒಂದು ಕೈ ಬೇಕು. ಮಗುವನ್ನೆತ್ತಿ ಮುದುಕರನ್ನು ಏಳಿಸಲು ಎರಡೂ ಬೇಕು. ಆದುದರಿಂದ ಟಾರ್ಚನ್ನು ನಿಲ್ಲಿಸಿರಿ.

ಅಗಲ ತಳದ ಲೋಟಕ್ಕೆ ಅಕ್ಕಿ ತುಂಬಿ, ಟಾರ್ಚಿನ ಹಿಡಿಯನ್ನು ಅದರಲ್ಲಿ ಹುಗಿದು, ಮುಖವನ್ನು ಛಾವಣಿಯತ್ತ ಮಾಡಿರಿ. ಬಿಳಿ ಛಾವಣಿಗೆ ಬಿದ್ದ ಬೆಳಕು ಚದುರಿ ಕೋಣೆಗೆಲ್ಲ ಹರಡುತ್ತದೆ, ಕಣ್ಣಿಗೂ ಚುಚ್ಚದು. ಮೇಣದ ಬತ್ತಿಯಂತೆ ಬೆಂಕಿಯ ಭಯವಿಲ್ಲ. ಮೊಬೈಲಿನ ದೀಪ ಮಾತ್ರ ಬೇಡ. ಅದರ ಬ್ಯಾಟರಿ ಊರಿನವರಿಗೆ ಕ್ಷೇಮ ತಿಳಿಸಲು ಉಳಿಯಲಿ.

ಮಳೆಗಾಲಕ್ಕೆ ಮೊದಲೇ ಒಂದು ಸಂಜೆ ದೀಪವಾರಿಸಿ ಪರೀಕ್ಷಿಸಿರಿ. ಲೋಟವಿಡುವ ಜಾಗ ಮಕ್ಕಳಿಗೂ ತಿಳಿದಿರಲಿ.