ಬೈಲು ತುಂಬಿಸುವ ಮುನ್ನ ನೆರೆಮಟ್ಟ ಗುರುತಿಸಲಿ

2018ರ ಮೇ 29ರ ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಪರಿಸರಗಳು ಜಲಾವೃತಗೊಂಡುದನ್ನು ಮಂಗಳೂರಿನ ವರ್ತಕ ಸಮುದಾಯ ಮರೆತಿರಲಾರದು. ಅಂದು ನಗರವನ್ನು ಮುಳುಗಿಸಿದ್ದು ಸಮುದ್ರವಲ್ಲ. ಮುಖ್ಯವಾಗಿ ಒಳಗಿನ ತೋಡುಗಳು, ರಾಜಕಾಲುವೆಗಳು. ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆಯೆಂಬ ಸಮಾಧಾನ ಇಲ್ಲಿ ಸಲ್ಲದು. ಉಬ್ಬರವಿಳಿತದ ಪ್ರಭಾವವಿರುವ ಹೊಳೆಗಳ ದಂಡೆಯಲ್ಲಿದ್ದ 100 ಮೀಟರ್ ಮಿತಿಯನ್ನು 2019ರ ಅಧಿಸೂಚನೆ 50ಕ್ಕೆ ಇಳಿಸಿದೆ. ಅದರಾಚೆಯ ಬೈಲುಗಳಿಗಂತೂ ಆ ನಿಯಮಗಳು ಅನ್ವಯಿಸುವುದೇ ಇಲ್ಲ.

ಬೈಲೆಂದರೆ ಗುಡ್ಡಗಳ ನಡುವಿನ ತಗ್ಗು ಗದ್ದೆ. ಮಳೆನೀರು ಅಲ್ಲಿ ನಿಂತು, ಇಂಗಿ, ಉಳಿದದ್ದು ನಿಧಾನವಾಗಿ ತೋಡಿಗಿಳಿಯುತ್ತಿತ್ತು. ಕೊಡಿಯಾಲಬೈಲು ಎಂಬ ಹೆಸರನ್ನು ಓದಿದ್ದರೂ ಸಾಕಿತ್ತು! ಗುಡ್ಡ ಕಡಿದ ಮಣ್ಣಿನಿಂದ ಬೈಲನ್ನು ತುಂಬಿಸಿದಾಗ ಮೇಲಿನ ನೀರಿನ ವೇಗ ಹೆಚ್ಚುತ್ತದೆ, ಕೆಳಗೆ ಅದು ನಿಲ್ಲುವ ಎಡೆ ಇಲ್ಲವಾಗುತ್ತದೆ. ತುಂಬಿಸಿದವರ ನಿವೇಶನಕ್ಕೆ ತೊಂದರೆಯಿಲ್ಲ. ನೀರು ನುಗ್ಗುವುದು ಪಕ್ಕದ ಹಳೆಯ ಅಂಗಡಿಗೆ, ಗೋದಾಮಿಗೆ. ಭೂಪರಿವರ್ತನೆಯನ್ನು ಪರಿಶೀಲಿಸುವುದು ಸರ್ವೆ ನಂಬರುವಾರು. ತೋಡಾದರೋ ಹತ್ತಾರು ಸರ್ವೆ ನಂಬರುಗಳನ್ನು ದಾಟಿ ಹರಿಯುತ್ತದೆ.

ಮಳೆಗಾಲಕ್ಕೆ ಮುನ್ನ ಹೂಳೆತ್ತುವುದು ಅವಶ್ಯವೇ. ಆದರೆ ಭರತದ ವೇಳೆಗೆ ಮಳೆ ಜೋರಾದರೆ ಹೂಳಿಲ್ಲದ ಕಾಲುವೆಯೂ ಬೇಗನೆ ಬರಿದಾಗದು. ಆದುದರಿಂದ ಮಹಾಯೋಜನೆಯ ನಕ್ಷೆಯಲ್ಲಿಯೇ ನೆರೆಮಟ್ಟದ ರೇಖೆಯನ್ನು ನಮೂದಿಸಬೇಕು. ಅದರೊಳಗೆ ಮಣ್ಣು ತುಂಬಿಸುವವರು ಅಷ್ಟೇ ಪ್ರಮಾಣದ ನೀರಿಗೆ ಅಲ್ಲಿಯೇ ಎಡೆ ಒದಗಿಸದ ಹೊರತು ಪರವಾನಿಗೆ ನೀಡಬಾರದು. ಇದರಿಂದ ನಿರ್ಮಾಣದ ವೆಚ್ಚ ಏರುವುದೆಂಬ ಬಿಲ್ಡರುಗಳ ಆಕ್ಷೇಪ ನಿಜವೇ. ಆದರೆ ಆ ವೆಚ್ಚವನ್ನು ಇಂದು ನೆರೆಹೊರೆಯ ವ್ಯಾಪಾರಿ ತನ್ನ ದಾಸ್ತಾನಿನ ನಷ್ಟವಾಗಿ ತೆರುತ್ತಿದ್ದಾನೆ. ರೇಖೆ ಪ್ರಕಟವಾದರೆ ನಿವೇಶನ ಕೊಳ್ಳುವವರಿಗೂ ಸಾಲ ಕೊಡುವ ಬ್ಯಾಂಕಿಗೂ ಮುಂಗಡ ಪಾವತಿಗೆ ಮೊದಲೇ ವಿಷಯ ತಿಳಿದಿರುತ್ತದೆ. ಅಳತೆಯ ಕಾರ್ಯವನ್ನು ಕೊಟ್ಟಾರ ಚೌಕಿಯ ತೋಡಿನಿಂದಲೇ ಆರಂಭಿಸುವುದು ಉಚಿತ.