ಮೂರು ತಾಲ್ಲೂಕುಗಳ ದಫ್ತರ

ತಲೆತಲಾಂತರದಿಂದ ಉಂಡುಬಂದ ಭೂಮಿಯನ್ನು ತನ್ನದೆಂದು ಸಾಧಿಸಬೇಕಾದರೆ ಸನದನ್ನು ತಂದು ತೋರಿಸಬೇಕೆಂದು ಸರಕಾರವೇ ಮನೆಬಾಗಿಲಿಗೆ ಬಂದು ಕೇಳಿದ ಕಾಲವೊಂದು ನಮ್ಮ ಸೀಮೆಯಲ್ಲಿ ಇದ್ದಿತು. 1852ರ ಕಾಯದೆಯಿಂದ ಬಲಗೊಂಡ ಇನಾಮ ಕಮಿಷನ್ನು ದಕ್ಷಿಣ ಮರಾಠಾ ಪ್ರಾಂತದಲ್ಲಿ ಹಕ್ಕುಪತ್ರಗಳ ಪರೀಕ್ಷೆಗೆ ತೊಡಗಿದಾಗ, ಗೆದ್ದಲು ತಿಂದ, ಮಳೆಗೆ ನೆನೆದ, ದಾಯಾದಿಗಳ ಕಲಹದಲ್ಲಿ ಕೈತಪ್ಪಿದ ಕಾಗದಗಳಿಗಾಗಿ ಎಷ್ಟೋ ಮನೆತನಗಳು ನೆಲವನ್ನೇ ಕಳೆದುಕೊಂಡವು. ದತ್ತಕಕ್ಕೆ ಅನುಮತಿ ದೊರೆಯದೆ ನೊಂದು 1858ರ ಮೇ ತಿಂಗಳಲ್ಲಿ ಬಂಡೆದ್ದ ನರಗುಂದದ ಬಾಬಾಸಾಹೇಬ ಭಾವೆಯ ಕಡೆಯವರಿಂದ ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನು, ಹಿಂದೆ ಅದೇ ಕಮಿಷನ್ನಿನಲ್ಲಿ ಅಧಿಕಾರಿಯಾಗಿದ್ದವನು. ಕಾಗದಪತ್ರಗಳ ರಕ್ಷಣೆಯನ್ನು ಗುಮಾಸ್ತರ ಕ್ಷುಲ್ಲಕ ಕಾರ್ಯವೆಂದು ಭಾವಿಸುವವರು ನರಗುಂದದ ಗುಡ್ಡವನ್ನೊಮ್ಮೆ ನೋಡಬೇಕು.

ಅದಕ್ಕೂ ಹಿಂದಿನವರು ಶಾಶ್ವತತೆಯನ್ನು ಶಿಲೆಯಲ್ಲಿಯೂ ತಾಮ್ರದಲ್ಲಿಯೂ ಅರಸಿದರು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯ ಶಾಸನಗಳು ಚಾಲುಕ್ಯರ ಕಾಲದ ದಾನಗಳನ್ನು ಇಂದಿಗೂ ಹೇಳುತ್ತಿವೆ. ಆದರೆ ಅದೇ ಸೂಡಿಯ ಹೆಸರಿನಿಂದ ಪ್ರಸಿದ್ಧವಾದ, ಗಂಗರ ಬೂತುಗನು ಕ್ರಿ.ಶ. 938ರಲ್ಲಿ ಕೊಟ್ಟನೆಂದು ಹೇಳಿಕೊಳ್ಳುವ ತಾಮ್ರಪಟವನ್ನು ಶಾಸನತಜ್ಞ ಫ್ಲೀಟರು ಕೂಟಶಾಸನವೆಂದು ನಿರ್ಣಯಿಸಿದರು. ಪತ್ರವು ಉಳಿದರೆ ಸಾಲದು. ಅದರ ಸತ್ಯಾಸತ್ಯವನ್ನು ಪರೀಕ್ಷಿಸಲು ಬೇರೊಂದೆಡೆ ಪ್ರತಿಲೇಖವೊಂದು ಇರಬೇಕು, ಅದು ಎಲ್ಲಿದೆಯೆಂಬುದೂ ತಿಳಿದಿರಬೇಕು.

ರೋಣ ಸೀಮೆಯ ಕಾಗದಗಳ ಪ್ರಯಾಣವನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ. ಕುಲಕರ್ಣಿಗಳ ಮನೆಯ ಗಂಟುಗಳಲ್ಲಿದ್ದ ಮೋಡಿ ಲಿಪಿಯ ಲೆಕ್ಕಗಳು ಒಂದು ಕಡೆ. ಮುಂಬಯಿ ಸರಕಾರದ ಪದ್ಧತಿಯ ಉತಾರಗಳು ಇನ್ನೊಂದು ಕಡೆ. 1956ರ ಏಕೀಕರಣದ ತರುವಾಯ ಬಂದ ಹೊಸ ನಮೂನೆಗಳು ಮತ್ತೊಂದು ಕಡೆ. ಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಶಾಸನವು ರದ್ದುಗೊಳಿಸಿತು. 1997ರಲ್ಲಿ ಧಾರವಾಡ ಜಿಲ್ಲೆಯೊಡೆದು ಗದಗ ಜಿಲ್ಲೆಯಾಯಿತು. ಈಚೆಗೆ ರೋಣವೇ ಒಡೆದು ಗಜೇಂದ್ರಗಡ ಪ್ರತ್ಯೇಕ ತಾಲ್ಲೂಕಾಯಿತು. ಇಂಥ ಪ್ರತಿಯೊಂದು ವಿಭಜನೆಯಲ್ಲಿಯೂ ಕಚೇರಿಗೆ ಕಟ್ಟಡ ದೊರೆಯುತ್ತದೆ, ಫಲಕ ಬೀಳುತ್ತದೆ, ಅಧಿಕಾರಿ ಬರುತ್ತಾನೆ. ಯಾವ ಹಳ್ಳಿಯ ಯಾವ ವರ್ಷದ ಕಡತ ಎಲ್ಲಿಗೆ ಹೋಯಿತೆಂಬ ಪಟ್ಟಿಯನ್ನು ಮಾತ್ರ ಹೊರಗಿನ ರೈತನು ನೋಡಲಾರನು.

ನಿಯಮಗಳಿಗೇನೂ ಕೊರತೆಯಿಲ್ಲ. ಶಾಶ್ವತವಾಗಿ ಇರಿಸತಕ್ಕವು ಎ ವರ್ಗದವು, ಮೂವತ್ತು ವರ್ಷ ಇರಿಸತಕ್ಕವು ಬಿ ವರ್ಗದವು ಎಂದು ಮೊದಲಾಗಿ ಕಡತಗಳಿಗೆ ಆಯುಷ್ಯವನ್ನು ಗೊತ್ತುಪಡಿಸಿದ ವ್ಯವಸ್ಥೆ ನಮ್ಮಲ್ಲಿದೆ. 2010ರ ಸಾರ್ವಜನಿಕ ದಾಖಲೆಗಳ ಅಧಿನಿಯಮವೂ ಇದೆ. ಭೂಮಿ ಯೋಜನೆಯು ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ ಕೈಬರಹದ ಪಹಣಿಯನ್ನು ನಿಲ್ಲಿಸಿದ್ದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಪಹಣಿಯು ಇಂದಿನ ಒಡೆಯನಾರೆಂದು ಹೇಳುತ್ತದೆ; ಅವನು ಒಡೆಯನಾದದ್ದು ಹೇಗೆಂಬುದನ್ನು ಹೇಳತಕ್ಕ ಫೇರಫಾರು, ಟಿಪ್ಪಣಿ, ಆಕಾರಬಂದಿ, ವಾಟ್ನಿಯ ತೀರ್ಪು, ಇವೆಲ್ಲ ದಫ್ತರಖಾನೆಯ ಬಟ್ಟೆಯ ಗಂಟುಗಳಲ್ಲಿಯೇ ಉಳಿದವು. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯು ಆ ಗಂಟುಗಳನ್ನು ಬಿಚ್ಚಿ ಪುಟಪುಟವನ್ನೂ ಸ್ಕ್ಯಾನ್ ಮಾಡಿಸುತ್ತಿರುವುದು ಅತ್ಯಂತ ಸ್ತುತ್ಯವಾದ ಕಾರ್ಯ.

ನನ್ನ ಆತಂಕ ಒಂದೇ. ಹಳ್ಳಿ, ಸರ್ವೆ ನಂಬರು, ವರ್ಷ, ಕಡತದ ಸ್ವರೂಪ, ಈ ನಾಲ್ಕನ್ನು ಶ್ರದ್ಧೆಯಿಂದ ನಮೂದಿಸದೆ ತೆಗೆದ ಛಾಯಾಪ್ರತಿಯು, ಗೆದ್ದಲಿನಿಂದ ಪಾರಾದರೂ ಹುಡುಕುವವನ ಪಾಲಿಗೆ ಇಲ್ಲದಂತೆಯೇ ಸರಿ. ಯಂತ್ರವು ಚಿತ್ರವನ್ನು ತೆಗೆಯಬಲ್ಲುದು. ಮಸುಕಾದ ಮೋಡಿಯ ಸಾಲನ್ನು ಓದಿ ಅದು ಯಾವ ಹೊಲದ್ದೆಂದು ಹೇಳಬಲ್ಲ ವೃದ್ಧರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಅವರಿಗೆ ಗೌರವಧನವಿತ್ತು ಕರೆದು ಕೂಡಿಸಿಕೊಳ್ಳುವುದಕ್ಕೆ ಇದೇ ಕಾಲ.

ಆದಕಾರಣ ಗದಗ ಜಿಲ್ಲಾಡಳಿತವು ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕುಗಳ ದಫ್ತರಖಾನೆಗಳಿಗೆ ಗ್ರಾಮವಾರು ಸೂಚಿಯನ್ನು ಸಿದ್ಧಪಡಿಸಿ, ರೋಣದಿಂದ ಗಜೇಂದ್ರಗಡಕ್ಕೆ ಸಾಗಿದ ಕಡತಗಳನ್ನೂ ಸಾಗದವನ್ನೂ ಅದರಲ್ಲಿ ಸ್ಪಷ್ಟವಾಗಿ ತೋರಿಸಿ, ಅದರ ಒಂದೊಂದು ಪ್ರತಿಯನ್ನು ಪ್ರತಿ ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇರಿಸಬೇಕು.