ಫೋಟೋ ತಿದ್ದಿ, ಗುರುತು ಅಳಿಸಬೇಡಿ!

ರಜೆ ಬಂತೆಂದರೆ ಈಗ ಮನೆಮಂದಿಗೆಲ್ಲ ಫೋಟೋ ಹುಚ್ಚು, ಅಲ್ಲವೇ? ಹಾವೇರಿ ಜಿಲ್ಲೆಯ ಕಡೆ ಹೊರಟರೆ ಹಾನಗಲ್ಲಿನ ತಾರಕೇಶ್ವರ ದೇವಸ್ಥಾನವನ್ನು ಬಿಡಬೇಡಿ. ಮಂಟಪದಲ್ಲಿ ನಿಂತು ತಲೆಯೆತ್ತಿದರೆ ಕಲ್ಲಿನಲ್ಲಿ ಅರಳಿದ ದೊಡ್ಡ ತಾವರೆ! ಒಳಗೆ ಬೆಳಕು ಕಡಿಮೆ; ಕೈಯೆತ್ತಿ ತೆಗೆದರೆ ಚಿತ್ರ ಅಲುಗುತ್ತದೆ. ನೆಲಕ್ಕೆ ಕರವಸ್ತ್ರ ಹಾಸಿ ಮೊಬೈಲನ್ನು ಅಂಗಾತ ಮಲಗಿಸಿ, ಮುಂದಿನ ಕ್ಯಾಮೆರಾಕ್ಕೆ 10 ಸೆಕೆಂಡಿನ ಟೈಮರ್ ಇಟ್ಟು ಪಕ್ಕಕ್ಕೆ ಸರಿಯಿರಿ.

ತಿದ್ದುವಾಗ ಇಡೀ ಚಿತ್ರದ ಬೆಳಕು ಏರಿಸಬೇಡಿ. ‘ಶ್ಯಾಡೋಸ್’ ಎಂಬುದೊಂದನ್ನೇ ತುಸು ಏರಿಸಿ. ಕತ್ತಲಲ್ಲಿದ್ದ ಎಸಳುಗಳು ಕಾಣುತ್ತವೆ. ಬಣ್ಣವೂ ಅಷ್ಟೇ, ಸಾರಿಗೆ ಉಪ್ಪು ಹಾಕಿದ ಹಾಗೆ. ಚಿಟಿಕೆ ಹೆಚ್ಚಾದರೂ ಕೆಟ್ಟಿತು!

ಅಲ್ಲಿಂದ ಸವಣೂರಿಗೆ ಹೋದರೆ ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೋಡಿ. ಬುಡದ ಪಕ್ಕ ಅಜ್ಜಿಯನ್ನು ನಿಲ್ಲಿಸಿ ತೆಗೆಯಿರಿ, ಮರದ ಗಾತ್ರ ತಿಳಿಯುತ್ತದೆ. ಆದರೆ ಅಜ್ಜಿಯ ಸುಕ್ಕು ಅಳಿಸೀರಿ, ಜೋಕೆ! ನಾಳೆ ಮೊಮ್ಮಕ್ಕಳು ಹುಡುಕುವುದು ಆ ಮುಖವನ್ನೇ.

ಅಲ್ಲಿನ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಎತ್ತಿ ಮತ್ತೆ ನೆಟ್ಟರು. ಅದು ಮೊದಲಿನಂತೆ ನಿಂತಿದ್ದ ಫೋಟೋ ನಿಮ್ಮಲ್ಲಿದ್ದರೆ ಈಗ ಅದೊಂದು ದಾಖಲೆ. ಆದ್ದರಿಂದ ಯಾವಾಗಲೂ ಇನ್ನೊಂದು ಪ್ರತಿ ಮಾಡಿಕೊಂಡೇ ತಿದ್ದಿ. ಮೂಲ ಚಿತ್ರವನ್ನು ಊರು, ತಾರೀಖು ಬರೆದು ಜೋಪಾನವಾಗಿಡಿ.